ದುಂಬಿ ಹಾರುವ ಗುಟ್ಟು

“ಸಾರ್, ತುಮ್ಮೆದ!”

ಕಿಟಕಿಯಿಂದ ಗುಂಯ್ ಎಂದು ಒಳಗೆ ಬಂದ ದಪ್ಪ ಕರಿ ಹುಳುವನ್ನು ಕಂಡು ತನುಜ ಕೂಗಿದಳು. ಐದನೇ ಕ್ಲಾಸೆಲ್ಲ ಘೊಳ್ಳೆಂದು ನಕ್ಕಿತು. ಮನೆಯಲ್ಲಿ ಆಡುವ ತೆಲುಗು ಬಾಯಿತಪ್ಪಿ ಬಂದುಬಿಟ್ಟಿತ್ತು.

ಮೌನಿಕಾ ಎದ್ದು ನಿಂತಳು. “ಅದು ದುಂಬಿ ಸಾರ್. ಮೈ ದಪ್ಪ, ರೆಕ್ಕೆ ಚಿಕ್ಕದು. ಸೈನ್ಸ್ ಪ್ರಕಾರ ಅದು ಹಾರೋಕೇ ಆಗಲ್ವಂತೆ. ಆದ್ರೂ ಹಾರ್ತದೆ! ಯೂಟ್ಯೂಬಲ್ಲಿ ನೋಡ್ದೆ.”

“ಭಲೇ!” ಎಂದರು ರಾಮಾಂಜಿನಪ್ಪ ಮೇಷ್ಟ್ರು. “ಶನಿವಾರ ಚಿಕ್ಕಬಳ್ಳಾಪುರದ ಭಾಷಣ ಸ್ಪರ್ಧೆಗೆ ನೀನೇ ಹೋಗಮ್ಮ. ಇದನ್ನೇ ಮಾತಾಡು.”

ತನುಜಳ ಹೊಟ್ಟೆಗೆ ಕಿಚ್ಚು ಬಿತ್ತು. ಹುಳು ಮೊದಲು ಕಂಡಿದ್ದು ಯಾರಿಗೆ? ಚಪ್ಪಾಳೆ ಯಾರಿಗೆ?

ಬುಧವಾರ ಅವಳು ಲೈಬ್ರರಿಯ ಪುಸ್ತಕಗಳನ್ನೆಲ್ಲ ಜಾಲಾಡಿ, ದುಂಬಿಯ ಪಾಠ ಹುಡುಕಿದಳು. ಮೌನಿಕಾ ಹೇಳಿದ್ದು ತಪ್ಪು! ದುಂಬಿ ರೆಕ್ಕೆಯನ್ನು ಬರೀ ಮೇಲೆ ಕೆಳಗೆ ಬಡಿಯುವುದಿಲ್ಲ. ಹಿಂದೆ ಮುಂದೆ ಬೀಸುತ್ತದೆ, ಪ್ರತಿ ಸಲವೂ ಮಗುಚುತ್ತದೆ. ಆಗ ರೆಕ್ಕೆಯ ಮೇಲೆ ಗಾಳಿ ಸುಳಿಯಾಗಿ ಅದನ್ನು ಎತ್ತುತ್ತದೆ. ‘ಹಾರಲಾಗದು’ ಎಂದ ಹಳೆಯ ಲೆಕ್ಕವೇ ಸರಿಯಿರಲಿಲ್ಲ.

ಸಂಜೆ ಅಮ್ಮನಿಗೆ ಓದಿ ಹೇಳಿದಳು. ಲಕ್ಷ್ಮಿದೇವಮ್ಮ ದಿನವಿಡೀ ಬಿಸಿನೀರಲ್ಲಿ ರೇಷ್ಮೆಗೂಡು ತಿರುವುವ ಕೆಲಸದವಳು. ಬಕೆಟ್ಟಿಗೆ ಕೈಯಿಳಿಸಿ ಅಂಗೈಯನ್ನು ಮುಂದೆ ಬೀಸಿದಳು, ಮಗುಚಿ ಹಿಂದಕ್ಕೆ ಬೀಸಿದಳು. ನೀರಲ್ಲಿ ಸುಳಿಗಳು ಎದ್ದವು.

“ಇದಿಗೋ, ನೋಡು. ನೀರು ಕೈನ ಎತ್ತತದೆ. ಇಷ್ಟೇ ಅಲ್ವೇನಮ್ಮ? ಹೋಗಿ ಆ ಹುಡುಗಿಗೆ ಹೇಳು.”

ತನುಜ ಹೂಂ ಅಂದಳು. ಹೇಳಲಿಲ್ಲ. ಎಲ್ಲರ ಮುಂದೆ ಅವಳೂ ಒಂದು ಸಲ ನಗೆಪಾಟಲಾಗಲಿ! ಅದನ್ನು ಕಣ್ಣಾರೆ ನೋಡಬೇಕೆಂದೇ, ಮೇಷ್ಟ್ರು “ಜೊತೆಗೆ ಯಾರು ಬರ್ತೀರ?” ಅಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದಳು.

ಶನಿವಾರ ಮೌನಿಕಾ ಚೆನ್ನಾಗಿಯೇ ಮಾತಾಡಿದಳು. ಕೊನೆಗೆ ತೀರ್ಪುಗಾರರು ಕೇಳಿದರು, “ಹಾರೋಕಾಗಲ್ಲ ಅಂದೆ. ಹಾಗಾದ್ರೆ ಹೇಗಮ್ಮ ಹಾರ್ತದೆ?”

ಮೌನಿಕಾ ಬಾಯಿ ತೆರೆದಳು, ಮುಚ್ಚಿದಳು. ಹಿಂದೆ ಯಾರೋ ಕಿಸಕ್ಕೆಂದರು. ಅವಳ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ತನುಜಳನ್ನು ಹುಡುಕಿದಳು.

ಮೂರು ದಿನದಿಂದ ಕಾದಿದ್ದ ಗಳಿಗೆ ಬಂದಿತ್ತು. ಆದರೆ ತನುಜಳಿಗೆ ಒಂದು ಚೂರೂ ಖುಷಿಯಾಗಲಿಲ್ಲ. ದಡಕ್ಕನೆ ಎದ್ದು, “ಸಾರ್, ರೆಕ್ಕೆ ಹಿಂದೆ ಮುಂದೆ ಬೀಸ್ತದೆ ಸಾರ್! ಹಿಂಗೆ!” ಎಂದು ಅಂಗೈ ಮಗುಚಿ ತೋರಿಸಿಬಿಟ್ಟಳು.

“ಸರಿಯಾದ ಉತ್ತರ. ಆದ್ರೆ ಹೇಳಿಕೊಡೋ ಹಾಗಿಲ್ಲಮ್ಮ,” ಎಂದರು ತೀರ್ಪುಗಾರರು. ಬಹುಮಾನ ಗೌರಿಬಿದನೂರಿನ ಹುಡುಗನಿಗೆ ಹೋಯಿತು.

ಊರಿಗೆ ಮರಳುವ ಶಿಡ್ಲಘಟ್ಟದ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಮೌನಿಕಾ ಕಣ್ಣೊರೆಸಿಕೊಂಡು, “ಥ್ಯಾಂಕ್ಸ್ ಕಣೇ. ನೀನೊಬ್ಳೇ ಎದ್ದಿದ್ದು,” ಎಂದಳು. ಆಮೇಲೆ ಅವಳತ್ತ ತಿರುಗಿ ಕೇಳಿದಳು, “ಅದು ನಿಂಗೆ ಯಾವಾಗ ಗೊತ್ತಾಯ್ತೇ?”

ಈಗತಾನೆ ಹೊಳೆಯಿತು ಅನ್ನಬಹುದಿತ್ತು. ಮೌನಿಕಾ ನಂಬುತ್ತಿದ್ದಳು ಕೂಡ.

“ಬುಧವಾರಾನೇ,” ಎಂದಳು ತನುಜ.

ಮೌನಿಕಾ ಸೀಟಿನಲ್ಲೇ ಸ್ವಲ್ಪ ಆಚೆ ಸರಿದು ಕೂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನಿಸಿತು ತನುಜಳಿಗೆ. ಹೊಟ್ಟೆಯ ಕಿಚ್ಚು ಎಲ್ಲಿ ಹೋಯಿತೋ, ಹುಡುಕಿದರೂ ಇರಲಿಲ್ಲ. ಪಕ್ಕದಲ್ಲಿ ಕೂತ ಗೆಳತಿಯ ಮುಖ ನೋಡುವುದು ಮಾತ್ರ ಅವಳಿಂದಾಗಲಿಲ್ಲ.