ಬಾಗಿಲಿಂದ ನೋಡಿದವಳು

"ನೀವೂ ಸಹಿ ಹಾಕಿದ್ರಾ, ಇಂಜಿನಿಯರೇ?"

ಸ್ಪರ್ಧೆಯ ಸಭಾಂಗಣದ ಬಾಗಿಲಲ್ಲೇ ಅವಳು ಅವನನ್ನು ಅಡ್ಡಗಟ್ಟಿದಳು.

ಮಕ್ಕಳ ಗ್ರಂಥಾಲಯದ ವಿನ್ಯಾಸ ಅವಳದು. ಎಂಟು ತಿಂಗಳು ರಟ್ಟು ಕತ್ತರಿಸಿ, ಅಂಟಿಸಿ, ಅದರ ಪುಟ್ಟ ಮಾದರಿಯನ್ನೂ ಕಟ್ಟಿದ್ದಳು. ಆದರೆ ಫಲಕದ ಮೇಲೆ ಇದ್ದದ್ದು ಒಂದೇ ಹೆಸರು... ಅವಳು ಕೆಲಸಕ್ಕಿರುವ ಕಚೇರಿಯ ಆರ್ಕಿಟೆಕ್ಟ್ ಸಾಹೇಬರದ್ದು! ಪ್ರಶಸ್ತಿಗಾಗಿ ಯಾರ ಹೆಗಲನ್ನಾದರೂ ಏಣಿ ಮಾಡಿಕೊಳ್ಳುವವರು. ಅವಳನ್ನು "ಏ ಗೋಂದಮ್ಮ" ಎಂದು ಕೂಗುವವರು.

"ವಿನ್ಯಾಸ ಪೂರ್ತಿ ಸಾಹೇಬರದ್ದೇ ಅಂತ ಬರ್ಕೊಟ್ಟಿದೀರಂತೆ! ಅವರೇ ಹೇಳಿದ್ರು."

"ಅದನ್ನ ನಂಬಿದ್ರಾ? ಒಂದ್ನಿಮಿಷ ಕೇಳಿ..."

"ಏನೂ ಕೇಳಲ್ಲ!"

ಛೇ... ಇವನ ಮುಂದೆ ಅಳಬಾರದಿತ್ತು. ಇವನನ್ನು ಇಷ್ಟಪಡಲೂಬಾರದಿತ್ತು!

ಒಳಗೆ ಸಾಹೇಬರು ಶುರು ಮಾಡಿದ್ದರು. "ಇದು ನನ್ನ ಕನಸು... ನನ್ನೊಬ್ಬನ ತಪಸ್ಸು..."

ಅವಳ ಮೈ ಉರಿಯಿತು.

ಹಿರಿಯ ತೀರ್ಪುಗಾರ್ತಿ ಕನ್ನಡಕ ಸರಿಮಾಡಿಕೊಂಡರು. "ಮಾದರಿಯ ಒಳಗಡೆ ತೋರಿಸ್ತೀರಾ?"

ಸಾಹೇಬರು ಛಾವಣಿ ಹಿಡಿದು ಎತ್ತಿದರು. ಬರಲಿಲ್ಲ. ಜೋರಾಗಿ ಎಳೆದರು. ಟಕ್! ಛಾವಣಿ ಎರಡು ತುಂಡಾಯಿತು.

"ಅಯ್ಯೋ, ಅದು ಮೇಲಿಂದ ತೆರೆಯಲ್ಲ!" ಅವಳು ಕೂಗಿಯೇ ಬಿಟ್ಟಳು. "ಮುಂದಿನ ಗೋಡೆ ಪಕ್ಕಕ್ಕೆ ಸರಿಸ್ಬೇಕು. ಮಕ್ಕಳು ಕಟ್ಟಡಾನ ಆಕಾಶದಿಂದ ನೋಡಲ್ಲ... ಬಾಗಿಲಿಂದ ನೋಡ್ತಾರೆ!"

"ನೀವ್ಯಾರಮ್ಮ?" ತೀರ್ಪುಗಾರ್ತಿ ಬಾಗಿಲ ಕಡೆ ತಿರುಗಿದರು.

"ಗೋಂದು ಹಚ್ಚೋಳು, ಅಷ್ಟೆ," ಸಾಹೇಬರು ನಕ್ಕರು. ಬೇರೆ ಯಾರೂ ನಗಲಿಲ್ಲ.

ಇಂಜಿನಿಯರ್ ಬಾಗಿಲಿಂದ ಮುಂದೆ ಬಂದ. ಕೈಯಲ್ಲಿ ಕಂಬ, ತೊಲೆಗಳ ನಕ್ಷೆಗಳ ಕಡತ. ಎಂಟು ತಿಂಗಳ ತಾರೀಖುಗಳು. ಪ್ರತಿ ಹಾಳೆಯಲ್ಲೂ 'ವಿನ್ಯಾಸ' ಎಂಬಲ್ಲಿ ಅವಳ ಹೆಸರು.

"ನನ್ನ ಸಹಿ ಇರೋದು ಇವುಗಳ ಮೇಲೆ ಮಾತ್ರ."

ಹಾಗಾದರೆ ಸಾಹೇಬರು ಹೇಳಿದ್ದು ಸುಳ್ಳು!

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಇನ್ನಿಬ್ಬರು ಎದ್ದರು, ಸಾಹೇಬರ ಹಳೆಯ ನೌಕರರು. "ಹೋದ ಸಲ ಪ್ರಶಸ್ತಿ ಬಂತಲ್ಲ, ಅದು ನಮ್ಮ ನಕ್ಷೆ!"

ತೀರ್ಪುಗಾರ್ತಿ ಫಲಕದ ಮೇಲಿನ ಹೆಸರನ್ನು ಅಲ್ಲೇ ಹೊಡೆದುಹಾಕಿ, ಅವಳ ಹೆಸರು ಬರೆದರು. ಕೋಟಿನ ತೋಳಿಗೆ ಅಂಟಿದ ರಟ್ಟಿನ ಚೂರಿನೊಂದಿಗೇ ಸಾಹೇಬರು ಹೊರನಡೆದರು. ಯಾರೂ ದಾರಿ ಬಿಡಲು ಸರಿಯಲಿಲ್ಲ.

ಖಾಲಿ ಸಭಾಂಗಣದಲ್ಲಿ ಇಬ್ಬರೂ ಮುರಿದ ಛಾವಣಿ ಅಂಟಿಸುತ್ತ ಕುಳಿತರು.

"ಮೊದಲೇ ಹೇಳ್ಬಾರದಿತ್ತಾ?"

"ಬಾಯಿ ಬಿಡೋಕೆ ಬಿಟ್ರೆ ತಾನೇ!"

"ತಪ್ಪಾಯ್ತು ರೀ..." ಅವಳ ಕಣ್ಣು ತುಂಬಿತು.

"ಹಾಗಾದ್ರೆ ಒಂದೇ ಒಂದ್ಸಲ ಗೋಂದಮ್ಮ ಅನ್ಲಾ?"

"ಅಂದ್ರೆ ಕೈ ಮುರೀತೀನಿ!"

"ಮುರೀಬೇಡಿ... ಹಿಡ್ಕೊಳ್ಳಿ. ಜೀವನಪೂರ್ತಿ."

ಅವಳು ಗೋಂದು ಮೆತ್ತಿದ ಕೈಯನ್ನೇ ಚಾಚಿದಳು.

"ಆಮೇಲೆ ಬಿಡಿಸ್ಕೊಳ್ಳೋಕೆ ಆಗಲ್ಲ, ನೋಡಿ!"