ಕಾಣೆಯಾದ ಎಚ್ಚರಿಕೆ

"ನನ್ನ ಗಂಡನ್ನ ನಾನೇ ಕೊಂದೆ ಅಂತ ನಮ್ಮ ಭಾವ ಹೇಳ್ತಾರೆ. ಸಂಜೆ ಪೊಲೀಸರಿಗೆ ದೂರು ಕೊಡ್ತಾರಂತೆ."

ಪತ್ತೇದಾರಮ್ಮನ ಜೊತೆ ಓಡಾಡಿ ಎಷ್ಟೋ ಹೆಣ ನೋಡಿದ್ದ ಕಾಂಪೌಂಡರನಿಗೂ ಸಹಾಯ ಕೇಳಿ ಬಂದಿದ್ದ ಆ ಹೆಂಗಸಿನ ಮುಖ ನೋಡಲಾಗಲಿಲ್ಲ.

ಅವಳ ಭಾವ, ಅಂದರೆ ಗಂಡನ ಅಣ್ಣ, ಸಕ್ಕರೆ ಕಾಯಿಲೆಯವರ ಮೈಗೆ ಔಷಧಿ ಹರಿಸುವ ಇನ್ಸುಲಿನ್ ಪಂಪ್ ನಡೆಸುವ ತಂತ್ರಾಂಶ ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಬಿಟ್ಟುಕೊಟ್ಟಿದ್ದ. ಹಳೆಯ ಪಂಪಿಗೆ ಹೊಸ ಆವೃತ್ತಿ ಹಾಕಿದರೆ ಪ್ರಾಣಕ್ಕೇ ಅಪಾಯ ಎಂಬ ಎಚ್ಚರಿಕೆ ಅದರ ವೆಬ್‌ಸೈಟಿನಲ್ಲಿತ್ತು. ಇವಳು ಸೈಟನ್ನು ಸ್ಟ್ಯಾಟಿಕ್ ಸೈಟ್ ಜನರೇಟರಿಗೆ, ಅಂದರೆ ಪುಟಗಳನ್ನೆಲ್ಲ ಮೊದಲೇ ಕಟ್ಟಿಡುವ ಸಾಧನಕ್ಕೆ, ಸಾಗಿಸಿದ ಮೇಲೆ ಆ ಎಚ್ಚರಿಕೆ ಮಾಯವಾಯಿತು. ಅವಳು ಊರಲ್ಲಿಲ್ಲದಾಗ ಗಂಡ ಸೈಟ್ ನೋಡಿ, ತನ್ನ ಹಳೆಯ ಪಂಪಿಗೆ ಹೊಸ ಆವೃತ್ತಿ ಹಾಕಿಕೊಂಡು ಮಲಗಿದವನು ಏಳಲಿಲ್ಲ.

ಹೆಂಗಸಿನ ಮನೆಯ ಮುಂಗೋಣೆಯಲ್ಲಿ ಭಾವ ಕೆಂಡವಾಗಿದ್ದ. "ಸೈಟ್ ಯಾರೂ ಮುಟ್ಟಬೇಡಿ. ಅದೇ ಸಾಕ್ಷಿ. ಇವಳೇ ಅಳಿಸಿರೋದು!"

ಪತ್ತೇದಾರಮ್ಮ ಸೈಟಿನ ಮೂಲ ಕಡತಗಳನ್ನು ತೆರೆಸಿದಳು. ಎಚ್ಚರಿಕೆಯ ಬರಹ ಅಕ್ಷರವೂ ಕಳೆಯದೆ ಅಲ್ಲೇ ಇತ್ತು. ಸೈಟಿನಲ್ಲಿ ಮಾತ್ರ ಇಲ್ಲ. ಕಾಂಪೌಂಡರ್ ತಲೆ ಕೆರೆದುಕೊಂಡ.

"ಹಳೇ ಸೈಟಲ್ಲಿ ಇದು ಎಲ್ಲಿರ್ತಿತ್ತು?" ಎಂದು ಪತ್ತೇದಾರಮ್ಮ ಕೇಳಿದಳು.

"ಎಲ್ಲಕ್ಕಿಂತ ಮೇಲೆ," ಅಂದ ಭಾವ.

"ಆಮೇಲೆ ಬೇರೆ ಸುದ್ದಿ ಹಾಕ್ಲಿಲ್ವಾ?"

"ಹಾಕಿದ್ವಿ, ಬೇಕಾದಷ್ಟು."

ಪತ್ತೇದಾರಮ್ಮ ಎಲ್ಲರನ್ನೂ ಪರದೆಯ ಮುಂದೆ ಕೂರಿಸಿದಳು. "ಅಳಿಸೋಳಾದ್ರೆ ಬರಹಾನೇ ಅಳಿಸ್ತಿದ್ಳು. ಇನ್ನೊಂದು ನೋಡಿ. ಹೊಸ ಸುದ್ದಿ ಮೇಲೆ, ಹಳೇದು ಕೆಳಗೆ, ಇದು ಆ ಸೈಟಿನ ಪದ್ಧತಿ. ಎಷ್ಟು ಸುದ್ದಿ ಬಂದ್ರೂ ಇದೊಂದು ಕೆಳಗಿಳೀಲಿಲ್ಲ. ಯಾಕೆ? ತಾರೀಖು ನೋಡಿ. ಇನ್ನೂ ಹತ್ತು ವರ್ಷ ಮುಂದಿನದು. ಹಳೇ ಸೈಟ್ ಅದನ್ನ ಎಲ್ಲಕ್ಕಿಂತ ಹೊಸದು ಅಂತ ಮೇಲೇ ತೋರಿಸ್ತಿತ್ತು. ಹೊಸ ಸಾಧನ ಮಾತ್ರ, ದಿನ ಇನ್ನೂ ಬಂದಿಲ್ಲ ಅಂತ ಆ ಪುಟಾನೇ ಬಿಟ್ಟು ಉಳಿದದ್ದನ್ನ ಕಟ್ಟಿತು. ಆ ತಾರೀಖು ಹಾಕಿದವರು ಯಾರು?"

ಭಾವ ಪರದೆಯ ಹತ್ತಿರ ಬಗ್ಗಿ ತಾರೀಖು ನೋಡಿದ. "ನಾನೇ. ಯಾರ ಕಣ್ಣಿಂದಾನೂ ತಪ್ಪಬಾರದು ಅಂತ... ಮೇಲೇ ಇರ್ಲಿ ಅಂತ..." ತಮ್ಮನನ್ನು ತಾನೇ ಕಳೆದುಕೊಂಡ ಆ ಮನುಷ್ಯನನ್ನು ನೋಡಿ ಕಾಂಪೌಂಡರನಿಗೆ ಗೆದ್ದ ಖುಷಿ ಒಂದಿಷ್ಟೂ ಆಗಲಿಲ್ಲ.

"ಅದು ಈಗ್ಲೂ ಸೈಟಲ್ಲಿಲ್ಲ," ಅಂದಳು ಪತ್ತೇದಾರಮ್ಮ. "ಸಾಕ್ಷಿ ಅಂತ ಕಾಯ್ತಾ ಕೂತಿದೀರಿ. ಹಳೇ ಪಂಪ್ ಇರೋರು ಇನ್ನೂ ಎಷ್ಟು ಜನರೋ!"

ಹೆಂಗಸು ಆಗಲೇ ತಾರೀಖು ತಿದ್ದುತ್ತಿದ್ದಳು. ಸೈಟನ್ನು ಮತ್ತೆ ಕಟ್ಟಿಸಿದಳು. ಎಚ್ಚರಿಕೆ ಕಾಣಿಸಿಕೊಂಡಿತು. ಅವಳು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು.

"ಪೊಲೀಸರಿಗೆ ಏನಮ್ಮ ಹೇಳ್ಲಿ?" ಎಂದ ಭಾವ, ತಲೆ ಎತ್ತದೆ.

"ನಡೆದದ್ದನ್ನೇ ಹೇಳಿ, ಭಾವ. ಹೊಸ ಸೈಟ್ ಕಟ್ಟಿದ ಮೇಲೆ ಎಚ್ಚರಿಕೆ ಇದೆಯಾ ಅಂತ ನಾನೂ ಒಂದ್ಸಲ ತೆರೆದು ನೋಡ್ಲಿಲ್ಲ ಅಂತಾನೂ ಹೇಳಿ."