ಅಮ್ಮನ ಹನ್ನೊಂದು ಪುಟಗಳು

"ಈ ಮೂರರಲ್ಲಿ ಒಂದೂ ನಿಮಗೆ ಬೇಡ."

ಎಲ್ದಿಯಾರ್ ಚೀಟಿಯನ್ನು ಮೇಜಿನ ಮೇಲೆ ಮೀರಿಮ್‌ಳ ಕಡೆಗೇ ತಳ್ಳಿದ. ಅದು ಕರಾಕೋಲ್ ಊರಿನ ಗ್ರಂಥಾಲಯದ ಹಿಂದಿನ ಕೋಣೆ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಅವನು ಶನಿವಾರಗಳಂದು ಅಲ್ಲಿ ಕೂತು ಸಣ್ಣ ವ್ಯಾಪಾರಿಗಳ ವೆಬ್‌ಸೈಟ್‌ಗಳನ್ನು ಪುಕ್ಕಟೆ ನೋಡಿಕೊಡುತ್ತಿದ್ದ.

ಆ ಚೀಟಿಗಾಗಿ ಮೀರಿಮ್ ಎರಡು ವಾರ ಹುಡುಕಾಡಿದ್ದಳು. ಅದರಲ್ಲಿದ್ದದ್ದು ಒಂದಕ್ಕಿಂತ ಒಂದು ದುಬಾರಿಯಾದ ಮೂರು ಎಸ್‌ಇಒ ಟೂಲ್‌ಗಳ, ಅಂದರೆ ಹುಡುಕುತಾಣದಲ್ಲಿ ಸೈಟನ್ನು ಮೇಲೆ ತರುವ ಸಾಧನಗಳ ಹೆಸರು. ಯಾವುದನ್ನು ಕೊಂಡರೆ ಜನ ತನ್ನ ಅಂಗಡಿಯನ್ನು ಹುಡುಕಿಕೊಂಡು ಬರುತ್ತಾರೆ ಎಂದಷ್ಟೇ ಅವಳು ಕೇಳಿದ್ದು.

ಅವನ ಮಾತಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ವಸಂತದಲ್ಲಿ ಅಮ್ಮ ತೀರಿಕೊಂಡಂದಿನಿಂದ ಅವಳಿಗೆ ಏನೂ ಬರುತ್ತಿರಲಿಲ್ಲ... ಅಳುವೂ ಇಲ್ಲ, ಹಸಿವೂ ಇಲ್ಲ.

"ಮತ್ತೆ ಯಾವುದು ಬೇಕು?" ಎಂದಳು.

"ಮೊದಲು ಇದನ್ನ ಹೇಳಿ. ನಿಮ್ಮ ಉಣ್ಣೆ ಚಪ್ಪಲಿ ಯಾರು ಕೊಳ್ತಾರೆ?"

ಅದು ಗೊತ್ತಿದ್ದದ್ದು ಅಮ್ಮನಿಗೆ, ಅಮ್ಮ ಈಗಿಲ್ಲ. ಹಾಗೆಂದೇ ಹೇಳಿದಳು, ಗಂಟೆ ಎಷ್ಟು ಎಂದು ಹೇಳುವಂಥ ಸಪ್ಪೆ ದನಿಯಲ್ಲಿ. ಎಲ್ದಿಯಾರ್ ಪೆನ್ನು ಕೆಳಗಿಟ್ಟ. "ಅವರ ಮಣ್ಣು ರೇಷ್ಮೆಯಂತಿರಲಿ," ಎಂದ. ಸತ್ತವರಿಗಾಗಿ ಎಲ್ಲರೂ ಹೇಳುವ ಮಾತೇ. ಆದರೆ ಹೇಳಿದ ಮೇಲೆ ಅವನು ಬೇರೆ ಮಾತಿಗೆ ಹಾರಲಿಲ್ಲ.

ಅಂದೇ ಇಬ್ಬರೂ ಬೇರೆ ಮೂರು ಟೂಲ್ ಆರಿಸಿದರು. ಜನ ಯಾವ ಪದ ಹುಡುಕಿ ಸೈಟಿಗೆ ಬರುತ್ತಾರೆಂದು ತೋರಿಸುವುದು ಒಂದು; ಅದನ್ನು ಹುಡುಕುತಾಣದವರೇ ಪುಕ್ಕಟೆ ಕೊಡುತ್ತಾರೆ. ಕೆಟ್ಟು ಕೂತ ಪುಟಗಳನ್ನು ಪತ್ತೆ ಹಚ್ಚುವುದು ಇನ್ನೊಂದು. ಸಣ್ಣ ಸೈಟಿಗೆ ಅದಕ್ಕೂ ಖರ್ಚಿಲ್ಲ. ಹೊಸ ಪದ ಹುಡುಕಿಕೊಡುವ ಮೂರನೆಯದಕ್ಕೆ ಮಾತ್ರ ದುಡ್ಡು. ಅದನ್ನೂ ಒಂದೇ ತಿಂಗಳು ತಗೊಂಡು, ಬೇಕಾದ್ದು ಬರೆದಿಟ್ಟುಕೊಂಡು ನಿಲ್ಲಿಸಿಬಿಡಿ, ವರ್ಷದ ಚಂದಾ ಕಟ್ಟಬೇಡಿ ಎಂದು ಎರಡೆರಡು ಸಲ ಹೇಳಿದ.

ಆಮೇಲೆ ಶನಿವಾರದ ಸಂಜೆಗಳಲ್ಲಿ ಅವನೇ ಮೀರಿಮ್ ಮನೆಯವರ ಕೆಲಸದ ಮನೆಗೆ ಬರತೊಡಗಿದ. ಅಲ್ಲಿ ಚಿಕ್ಕಮ್ಮ ಬುರ್ಮಕನ್ ಮತ್ತು ಇನ್ನಿಬ್ಬರು ಹೆಂಗಸರು ಚಪ್ಪಲಿಗೆ ಉಣ್ಣೆ ತಟ್ಟುತ್ತಿದ್ದರು. ಈ ಚಳಿಗಾಲ ಗಿರಾಕಿಗಳು ಬರದಿದ್ದರೆ ಬಾಗಿಲು ಹಾಕುವುದೇ ಎಂದು ಚಿಕ್ಕಮ್ಮ ನಿರ್ಧರಿಸಿಯಾಗಿತ್ತು.

"ಮೂರು ಬಟ್ಟಲು ಅಶ್ಲಾನ್‌ಫು ಶ್ಯಾವಿಗೆ ತಿಂದ್ನಲ್ಲೇ," ಎಂದು ಚಿಕ್ಕಮ್ಮ ಒಮ್ಮೆ ಅವನು ಹೋದ ಮೇಲೆ ಹೇಳಿದಳು. "ಅಷ್ಟು ಖಾರ ತಿಂದೂ ಕಣ್ಣು ಕಂಪ್ಯೂಟರ್ ಮೇಲಿರ್ಲಿಲ್ಲ, ನಿನ್ ಮೇಲಿತ್ತು."

ಮೀರಿಮ್ ಕೇಳಿಸಿಕೊಂಡಳು, ಬಟ್ಟಲು ತೊಳೆದಿಟ್ಟಳು.

ಅಕ್ಟೋಬರ್‌ನಲ್ಲಿ ಆ ಪತ್ತೆ ಹಚ್ಚುವ ಟೂಲ್ ಹನ್ನೊಂದು ಹಳೆಯ ಪುಟಗಳನ್ನು ತೋರಿಸಿತು. ಗಿರಾಕಿಗಳ ಪತ್ರಗಳಿಗೆ ಅಮ್ಮ ಬರೆದ ಉತ್ತರಗಳು. ಸೈಟಿನ ಯಾವ ಮೂಲೆಯಿಂದಲೂ ಅವಕ್ಕೆ ದಾರಿಯಿರಲಿಲ್ಲ. ಮೀರಿಮ್ ಅವನ್ನು ಓದಿರಲಿಲ್ಲ, ಓದುವ ಧೈರ್ಯವಿರಲಿಲ್ಲ. ಎಲ್ದಿಯಾರ್ ಮಾಡಿದ ಪಟ್ಟಿಯಲ್ಲಿ ಅವುಗಳ ಮುಂದೆ 'ತೆಗೆಯಬೇಕು' ಎಂದಿತ್ತು.

ಮರುದಿನ ಬೆಳಿಗ್ಗೆ ಧೈರ್ಯ ಮಾಡಿ ತೆರೆದರೆ, ಪುಟ ಇಲ್ಲ. ಒಂದೊಂದಾಗಿ ಹನ್ನೊಂದನ್ನೂ ಒತ್ತಿದಳು. ಒಂದೂ ಇಲ್ಲ.

'ಅಮ್ಮ ಎರಡನೇ ಸಲ ಹೋದಳು,' ಅಂದುಕೊಂಡಳು. ಆಗಲೂ ಅಳು ಬರಲಿಲ್ಲ. ಅವನ ಫೋನ್ ಬಂತು, ಎತ್ತಲಿಲ್ಲ. ಶನಿವಾರ ಬಂದವನನ್ನು ಚಿಕ್ಕಮ್ಮನ ಕೈಲಿ ವಾಪಸು ಕಳಿಸಿದಳು, ಕಾರಣ ಹೇಳಲಿಲ್ಲ. ಹೀಗೆ ಮೂರು ವಾರ ಕಳೆಯಿತು.

ನಾಲ್ಕನೇ ಶನಿವಾರ ಬೆಳಿಗ್ಗೆ ಚಿಕ್ಕಮ್ಮ, ಈ ವಾರ ಇಪ್ಪತ್ತಾರು ಜೊತೆ ಕೇಳಿದ್ದಾರೆ, ಎಲ್ಲಿಂದ ಬಂದರು ಇವರೆಲ್ಲ ಎಂದಳು. ಮೀರಿಮ್ ಹುಡುಕಿದ ಪದಗಳನ್ನು ತೋರಿಸುವ ಆ ಪುಕ್ಕಟೆಯ ಟೂಲ್ ತೆರೆದು ನೋಡಿದಳು. ಜನ ಹುಡುಕಿದ್ದು 'ಉತ್ತಮ ಉಣ್ಣೆ ಚಪ್ಪಲಿ' ಎಂದಲ್ಲ. 'ಅಜ್ಜಿಯ ಕಾಲು ಬೆಚ್ಚಗಾಗುತ್ತಿಲ್ಲ', 'ಮಗು ಸಾಕ್ಸ್ ಹಾಕಿಕೊಳ್ಳುವುದಿಲ್ಲ' ಎಂದು. ಎಲ್ಲರೂ ಬಂದು ನಿಂತದ್ದು ಒಂದು ಹೊಸ ವಿಳಾಸದಲ್ಲಿ. ಒತ್ತಿದಳು.

ಮೇಲೆ ಅಮ್ಮನ ಹೆಸರಿತ್ತು. ಕೆಳಗೆ ಹನ್ನೊಂದೂ ಪತ್ರಗಳಿದ್ದವು, ಒಂದಕ್ಷರ ಬದಲಾಗದೆ. ಎಲ್ದಿಯಾರ್ ತೆಗೆದದ್ದು ಹಳೆಯ ಜಾಗದಿಂದ ಮಾತ್ರ. ಅವಳು ನೋಡಿದ ಆ ಬೆಳಿಗ್ಗೆ ಕೆಲಸ ಅರ್ಧವಾಗಿತ್ತು, ಅಷ್ಟೇ.

ಐದನೆಯ ಪತ್ರ ನರೀನ್ ಊರಿನ ಒಬ್ಬ ತಾಯಿಗೆ. 'ನನ್ನ ಮಗಳೂ ಹಾಗೇ,' ಎಂದು ಅಮ್ಮ ಬರೆದಿದ್ದಳು. 'ಚಳಿಯಾದರೂ ಹೇಳುವುದಿಲ್ಲ. ಕೇಳುತ್ತ ಕೂರಬೇಡಿ, ಕಾಲಿಗೆ ಹಾಕಿಬಿಡಿ.'

ಎದೆಯೊಳಗೆ ಎಲ್ಲೋ ನೋವು ಶುರುವಾಯಿತು, ಜೋಮು ಹಿಡಿದ ಕಾಲಿಗೆ ರಕ್ತ ಹರಿದಂತೆ. ಮೀರಿಮ್ ಕೋಟು ಹಾಕಿಕೊಂಡು ಗ್ರಂಥಾಲಯಕ್ಕೆ ನಡೆದಳು.

ಕೋಣೆಯಲ್ಲಿ ಅವನೊಬ್ಬನೇ ಇದ್ದ. ಅವಳನ್ನು ಕಂಡು ಎದ್ದು ನಿಂತ.

"ಒಂದು ಮಾತು ಕೇಳಬಹುದಿತ್ತು ನೀವು," ಎಂದಳು.

"ಹೌದು. ನಿಮ್ಮ ಅಮ್ಮ ಬರೆದದ್ದು ಅಂತ ಗೊತ್ತಿತ್ತು. ಕೇಳಿದ್ರೆ ನಿಮಗೆ ನೋವಾಗುತ್ತೆ ಅಂತ, ಕೇಳದೇ ಮುಟ್ಟಿಬಿಟ್ಟೆ. ತಪ್ಪು ನಂದೇ."

"ನೋವಾಗಲ್ಲ ನಂಗೆ. ಅದೇ ತೊಂದರೆ." ಅವಳು ಕಿಟಕಿಯ ಕಡೆ ನೋಡಿದಳು. "ಇವತ್ತು ಸ್ವಲ್ಪ ಆಯ್ತು. ಆರು ತಿಂಗಳಲ್ಲಿ ಮೊದಲ ಸಲ. ನನ್ನ ಹತ್ರ ಕೊಡೋಕೆ ಏನೂ ಇಲ್ಲ, ಎಲ್ದಿಯಾರ್. ನೀವು ಸುಮ್ನೆ ಬಂದು ಹೋಗಿ ಮಾಡ್ತೀರಿ..."

"ನಾನು ಏನೂ ಕೇಳ್ತಿಲ್ಲ." ಅವನ ದನಿ ಸಣ್ಣದಾಯಿತು. "ನೀವಂದ್ರೆ ಇಷ್ಟ. ಮೊದಲ ದಿನದಿಂದ. ಕಾಯ್ತೀನಿ ಅಂತ ಹೇಳಿ ನಿಮ್ಮ ಮೇಲೆ ಭಾರ ಹಾಕಲ್ಲ. ಬರ್ತಾ ಇರ್ತೀನಿ, ಅಷ್ಟೇ."

ಇದಕ್ಕೆ ಸಂತೋಷವಾಗಬೇಕಲ್ಲವೇ ಎಂದು ಅವಳು ತನ್ನೊಳಗೆ ಹುಡುಕಿದಳು. ಸಂತೋಷ ಸಿಗಲಿಲ್ಲ. ಆದರೆ ಅವನು ಇಲ್ಲಿಂದ ಹೋಗಬಾರದು ಅನ್ನಿಸಿತು. ಅದು ಮಾತ್ರ ಸ್ಪಷ್ಟವಾಗಿತ್ತು.

ಮೇಜಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ತಣ್ಣನೆಯ ಕೈ ಇಟ್ಟಳು.

"ನಾಳೆ ಮನೆಗೆ ಬಾ," ಎಂದಳು.

ಅವಳು 'ಬನ್ನಿ' ಅನ್ನದೆ 'ಬಾ' ಅಂದದ್ದು ತಿಳಿಯಲು ಅವನಿಗೆ ಒಂದು ಕ್ಷಣ ಬೇಕಾಯಿತು.

"ನಾಳೆ ಭಾನುವಾರ ಅಲ್ವಾ?"

"ಗೊತ್ತು. ಕಂಪ್ಯೂಟರ್ ತರಬೇಡ."